ಪೆಲ್ವಿಸ್ (ಕಿಬ್ಬೊಟ್ಟೆ) ಸ್ಕ್ಯಾನ್ ಇನ್ನೂ ಚೆನ್ನಾಗಿ ಕಲಿಯಬೇಕು: ವರ್ಕ್‌ಶಾಪಾ, ಆನ್‌ಲೈನಾ, ಅಬ್ಸರ್ವರ್‌ಶಿಪ್ಪಾ?

ಕಳೆದ ತಿಂಗಳು ಶಿರಾ ಕಡೆಯ ಒಬ್ಬ ಕಿರಿಯ ರೇಡಿಯಾಲಜಿಸ್ಟ್ ಫೋನ್ ಮಾಡಿದ್ದರು. "ಮೇಡಂ, ವಾಟ್ಸಾಪ್‌ನಲ್ಲಿ ಮೂರು ಬ್ರೋಷರ್ ಬಂದಿದೆ. ಒಂದು ಬೆಂಗಳೂರಲ್ಲಿ ಎರಡು ದಿನದ ವರ್ಕ್‌ಶಾಪ್, ಒಂದು ಆನ್‌ಲೈನ್ ಕೋರ್ಸು, ಇನ್ನೊಂದು ಬರೀ ಕೂತು ನೋಡುವ ತಿಂಗಳ ಅಬ್ಸರ್ವರ್‌ಶಿಪ್. ಮೂರೂ ಹೆಂಗಸರ ಪೆಲ್ವಿಸ್ ಸ್ಕ್ಯಾನ್ ಬಗ್ಗೇನೇ. ಯಾವುದಕ್ಕೆ ದುಡ್ಡು ಕಟ್ಲಿ?"

"ಪೆಲ್ವಿಸ್‌ನಲ್ಲಿ ನಿಮಗೆ ಯಾವುದು ಕೈಕೊಡ್ತಿದೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. "ಗೊತ್ತಿಲ್ಲ ಮೇಡಂ. ಎಲ್ಲಾ ಸರಿಯಾಗೇ ಹೋಗ್ತಿದೆ ಅನ್ಸುತ್ತೆ."

ಅವರನ್ನು ದೂರುವ ಹಾಗಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸ್ಕ್ಯಾನಿಂಗ್ ಮಾಡುವ ನಮ್ಮೆಲ್ಲರ ಕಥೆಯೂ ಇದೇ. ನಾವು ರಿಪೋರ್ಟ್ ಬರೆಯುತ್ತೇವೆ. ಕೇಸು ಸ್ವಲ್ಪ ಗಟ್ಟಿಯಾದರೆ ಮನೆಯವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬೆಂಗಳೂರು ಬಸ್ಸು ಹತ್ತುತ್ತಾರೆ. ಅಲ್ಲಿ ಇನ್ನೊಂದು ಸ್ಕ್ಯಾನ್, ಎಂಆರ್‌ಐ, ಆಪರೇಷನ್, ಬಯಾಪ್ಸಿ. ನಾವು ಬರೆದದ್ದು ಸರಿಯಿತ್ತಾ, ತಪ್ಪಿತ್ತಾ? ಆ ಸುದ್ದಿ ಮಾತ್ರ ವಾಪಸ್ ಬಸ್ಸು ಹತ್ತುವುದಿಲ್ಲ.

ನನಗೆ ಒಮ್ಮೆ ಬಂತು. ಮಧುಗಿರಿ ಕಡೆಯ ಒಬ್ಬ ಶಾಲಾ ಟೀಚರ್. ಮುಟ್ಟಿನ ಹೊತ್ತಿಗೆ ಎದ್ದು ನಿಲ್ಲೋಕಾಗದಷ್ಟು ನೋವು. ಎರಡು ವರ್ಷದಲ್ಲಿ ಎರಡು ಸಲ ನಾನೇ ನೋಡಿದ್ದೆ. ಎರಡು ಸಲವೂ ಗರ್ಭಕೋಶ ನಾರ್ಮಲ್, ಓವರಿ ನಾರ್ಮಲ್ ಅಂತ ಬರೆದಿದ್ದೆ. ಮೂರನೇ ವರ್ಷ ಬೆಂಗಳೂರಿನಲ್ಲಿ ಲ್ಯಾಪರೊಸ್ಕೋಪಿ ಆಯಿತು. ಗರ್ಭಕೋಶದ ಹಿಂಭಾಗ ಕರುಳಿಗೆ ಪೂರ್ತಿ ಅಂಟಿಕೊಂಡಿತ್ತಂತೆ. ಆಕೆ ಆ ಡಿಸ್ಚಾರ್ಜ್ ಸಮ್ಮರಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ನೀವೂ ನೋಡಿದ್ರಲ್ಲ ಮೇಡಂ, ನಿಮಗೂ ಗೊತ್ತಿರ್ಲಿ ಅಂತ ತಂದೆ" ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾನು ಬಿಟ್ಟಿದ್ದು ಅರ್ಧ ನಿಮಿಷದ ಕೆಲಸ. ಟಿವಿಎಸ್, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನಿನ ಪ್ರೋಬನ್ನು ಮೆಲ್ಲಗೆ ಒತ್ತಿ ಬಿಟ್ಟು, ಕರುಳಿನ ಮುಂಗೋಡೆ ಗರ್ಭಕೋಶದ ಹಿಂಭಾಗದ ಮೇಲೆ ಜಾರುತ್ತದಾ ಇಲ್ಲವಾ ನೋಡಬೇಕು. ಇದಕ್ಕೆ ಸ್ಲೈಡಿಂಗ್ ಸೈನ್ ಅನ್ನುತ್ತಾರೆ. ಓದಿದ್ದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆದೂ ಇರುತ್ತಿದ್ದೆ. ನನ್ನ ಕೈ ಮಾತ್ರ ಅದನ್ನು ಒಮ್ಮೆಯೂ ಮಾಡಿರಲಿಲ್ಲ.

ಕೋರ್ಸುಗಳ ಬಗ್ಗೆ ನಾನು ಮುಂದೆ ಹೇಳುವುದೆಲ್ಲ ಈ ಕೇಸಿನಿಂದ ಹುಟ್ಟಿದ ಅಭಿಪ್ರಾಯ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ದುಡ್ಡು ಕಟ್ಟುವ ಮುಂಚೆ ಒಂದು ನೋಟ್‌ಬುಕ್

ನಿಮ್ಮ ಕೊನೆಯ 50 ಪೆಲ್ವಿಸ್ ಸ್ಕ್ಯಾನ್ ತೆಗೆಯಿರಿ. ಗರ್ಭಿಣಿಯರದ್ದು ಬೇಡ, ಉಳಿದದ್ದು. ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ನಾಲ್ಕು ಗೆರೆ ಎಳೆಯಿರಿ. ತಾರೀಕು, ಯಾಕೆ ಬಂದಿದ್ದರು, ನಾನು ಬರೆದದ್ದು, ಆಮೇಲೆ ಆದದ್ದು. ನಾಲ್ಕನೆಯ ಕಾಲಂ ಖಾಲಿ ಇರುತ್ತದೆ, ಗೊತ್ತು. ಕಳಿಸಿದ ಗೈನಕಾಲಜಿಸ್ಟ್‌ಗೆ ಫೋನ್ ಮಾಡಿ ತುಂಬಿಸಿ. ಹತ್ತು ಕೇಸಿನ ಉತ್ತರ ಸಿಕ್ಕರೂ ಸಾಕು, ನಿಮ್ಮ ಕೊರತೆ ಎಲ್ಲಿದೆ ಅಂತ ಕಾಣುತ್ತದೆ.

ಸಾಮಾನ್ಯವಾಗಿ ಅದು ಮೂರರಲ್ಲಿ ಒಂದು ಕಡೆ ಇರುತ್ತದೆ. ಕಂಡದ್ದಕ್ಕೆ ಸರಿಯಾದ ಹೆಸರು ಕೊಡಲು ಬರುತ್ತಿಲ್ಲ, ಅಂದರೆ ಭಾಷೆಯ ತೊಂದರೆ. ಕಾಣಬೇಕಾದ್ದು ಕಾಣುತ್ತಿಲ್ಲ, ಅಂದರೆ ಕೈಯ ತೊಂದರೆ. ಅಥವಾ ಅಂಥ ಕೇಸನ್ನು ಇದುವರೆಗೆ ನೋಡೇ ಇಲ್ಲ, ಅಂದರೆ ಅಭ್ಯಾಸದ ತೊಂದರೆ. ಒಂದೊಂದಕ್ಕೂ ಔಷಧಿ ಬೇರೆ. ಕೈಯ ತೊಂದರೆಗೆ ಆನ್‌ಲೈನ್ ಕೋರ್ಸು ತೊಗೊಂಡರೆ ಕೆಮ್ಮಿಗೆ ಕಣ್ಣಿನ ಡ್ರಾಪ್ಸ್ ಹಾಕಿದ ಹಾಗೆ.

ಏನೇನು ತೂಗಿ ನೋಡಬೇಕು

ಪ್ರೋಬ್ ನಿಮ್ಮ ಕೈಗೆ ಎಷ್ಟು ನಿಮಿಷ ಬರುತ್ತದೆ ಅನ್ನುವುದು ಮೊದಲನೆಯ ಪ್ರಶ್ನೆ. ಮುಗಿದ ಮೇಲೆ ಯಾರಾದರೂ ನಿಮ್ಮ ಕೆಲಸ ನೋಡಿ ತಪ್ಪು ಹೇಳುತ್ತಾರಾ ಅನ್ನುವುದು ಎರಡನೆಯದು. ನನ್ನ ಲೆಕ್ಕದಲ್ಲಿ ಇವೆರಡಕ್ಕೇ ಅರ್ಧಕ್ಕಿಂತ ಜಾಸ್ತಿ ಅಂಕ.

ಆಮೇಲೆ, ಅಲ್ಲಿ ಕಲಿಸುವುದು ನಿಮ್ಮ ಮಷಿನ್‌ನಲ್ಲಿ ಆಗುತ್ತದಾ? ನಿಮ್ಮ ಹತ್ತಿರ ತ್ರೀಡಿ ಚಿತ್ರ ತೆಗೆಯುವ ವಾಲ್ಯೂಮ್ ಪ್ರೋಬ್ ಇಲ್ಲದಿದ್ದರೆ ತ್ರೀಡಿ ಕರೋನಲ್ ವ್ಯೂನಲ್ಲಿ ಗರ್ಭಕೋಶದ ಸೆಪ್ಟಮ್ (ನಡುವಿನ ಗೋಡೆ) ಅಳೆಯುವುದನ್ನು ಎರಡು ದಿನ ಕಲಿತು ಬಂದು ಮಾಡುವುದೇನು?

ನಮ್ಮಲ್ಲಿಗೆ ಬರುವವರಿಗೆ ಅದು ಒಪ್ಪುತ್ತದಾ ಅಂತಲೂ ನೋಡಬೇಕು. ಯುರೋಪಿನ ಪಾಠಗಳೆಲ್ಲ ಟಿವಿಎಸ್‌ನಿಂದಲೇ ಶುರುವಾಗುತ್ತವೆ. ನಮ್ಮಲ್ಲಿ ಮದುವೆಯಾಗದ ಹುಡುಗಿಯರು ಎಷ್ಟು ಜನ ಬರುತ್ತಾರೆ! ಅವರ ಅಮ್ಮ ಎರಡು ಬಾಟಲಿ ನೀರು ಕುಡಿಸಿಕೊಂಡು ಕರಕೊಂಡು ಬಂದಿರುತ್ತಾರೆ. ತುಂಬಿದ ಬ್ಲಾಡರ್ ಮೂಲಕ ಸಿಕ್ಕಷ್ಟನ್ನೇ ಚೆನ್ನಾಗಿ ನೋಡುವುದು ಹೇಗೆ, ಕಾಣದ್ದನ್ನು ಕಾಣಲಿಲ್ಲ ಅಂತ ಬರೆಯುವುದು ಹೇಗೆ ಅಂತ ಹೇಳಿಕೊಡುವ ಕೋರ್ಸ್ ನಮಗೆ ಜಾಸ್ತಿ ಬೇಕು.

ಇನ್ನು ದೊಡ್ಡ ತಲೆನೋವು, ಸೆಂಟರ್ ಎಷ್ಟು ದಿನ ಮುಚ್ಚಬೇಕು. "ಎರಡು ವಾರ ನನ್ನ ಜಾಗದಲ್ಲಿ ಕೂತ್ಕೊಳ್ಳಪ್ಪಾ" ಅಂತ ಗೆಳೆಯನಿಗೆ ಹೇಳಿ ಹೋಗುವ ಕೆಲಸ ನಮ್ಮದಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕೆಳಗೆ ಸ್ಕ್ಯಾನ್ ಮಾಡುವ ಡಾಕ್ಟರ ಹೆಸರು ಸೆಂಟರಿನ ನೋಂದಣಿಯಲ್ಲಿ ಇರಲೇಬೇಕು. 2012ರ ತಿದ್ದುಪಡಿ ಆದಮೇಲೆ ಡಾಕ್ಟರು ಬದಲಾಗುವುದನ್ನು 30 ದಿನ ಮುಂಚೆ ತಿಳಿಸಬೇಕು. ಒಬ್ಬ ಡಾಕ್ಟರು ಒಂದು ಜಿಲ್ಲೆಯಲ್ಲಿ ಎರಡೇ ಸೆಂಟರಿನಲ್ಲಿ ಇರಬಹುದು. ನಮ್ಮೂರಲ್ಲಿ ಇರುವ ನಾಲ್ಕಾರು ಜನ ಆಗಲೇ ಎರಡೆರಡು ಕಡೆ ಹೆಸರು ಕೊಟ್ಟಿರುತ್ತಾರೆ. ಹಾಗಾಗಿ ನೀವು ಒಬ್ಬರೇ ನಡೆಸುವ ಸೆಂಟರ್ ಆದರೆ, ನೀವು ಹೋದ ದಿನ ಬಾಗಿಲು ಹಾಕಿದ ಹಾಗೇ ಲೆಕ್ಕ. ಮಷಿನ್ ಇಎಂಐ, ಬಾಡಿಗೆ, ರಿಸೆಪ್ಷನ್ ಹುಡುಗಿಯ ಸಂಬಳ ಇವೆಲ್ಲ ನಡೆಯುತ್ತಲೇ ಇರುತ್ತವೆ.

ಸಿಎಂಇ, ಅಂದರೆ ಡಾಕ್ಟರುಗಳು ಓದು ಮುಂದುವರಿಸಬೇಕಾದ ಗಂಟೆಗಳ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2002ರ ವೈದ್ಯಕೀಯ ನಡತೆ ನಿಯಮದಲ್ಲಿರುವುದು ಐದು ವರ್ಷಕ್ಕೆ 30 ಗಂಟೆ. ವರ್ಷಕ್ಕೆ ಒಂದು ಒಳ್ಳೆಯ ಸಮ್ಮೇಳನಕ್ಕೆ ಹೋದರೂ ಅದರ ಹತ್ತಿರಕ್ಕೆ ಬರುತ್ತೀರಿ. ಆದರೆ ಹಣ ಕಟ್ಟುವ ಮುಂಚೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಕ್ರೆಡಿಟ್ ಇದೆಯಾ ಅಂತ ಆಯೋಜಕರನ್ನು ಒಂದು ಮಾತು ಕೇಳಿ. "ಅಪ್ಲೈ ಮಾಡಿದ್ದೀವಿ" ಅಂದರೆ ಇನ್ನೂ ಸಿಕ್ಕಿಲ್ಲ ಅಂತ ಅರ್ಥ.

ಒಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. 2014ರ ನಿಯಮದ ಆರು ತಿಂಗಳ, 300 ಗಂಟೆಯ ತರಬೇತಿ ಎಂಬಿಬಿಎಸ್ ಮುಗಿಸಿ ಸ್ಕ್ಯಾನಿಂಗ್ ಮಾಡಬೇಕು ಅನ್ನುವವರಿಗೆ. ರೇಡಿಯಾಲಜಿಯಲ್ಲಿ ಪಿಜಿ ಮಾಡಿದವರಿಗೆ ಅದು ಸಂಬಂಧವಿಲ್ಲ. ಆ ಬ್ರೋಷರ್ ನಿಮಗೆ ಬಂದರೆ ಡಿಲೀಟ್ ಮಾಡಿ.

ಆನ್‌ಲೈನ್: ಭಾಷೆ ಕಲಿಯೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ

ನಿಮ್ಮ ತೊಂದರೆ ಭಾಷೆಯದ್ದಾದರೆ ಇಲ್ಲಿಂದಲೇ ಶುರು ಮಾಡಿ. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಪೆಲ್ವಿಸ್ ಸ್ಕ್ಯಾನಿನ ಭಾಷೆ ಪೂರ್ತಿ ಬದಲಾಗಿದೆ. ನಾವು ಪಿಜಿಯಲ್ಲಿ ಬರೆಯುತ್ತಿದ್ದ "ಕಾಂಪ್ಲೆಕ್ಸ್ ಸಿಸ್ಟ್" ಅನ್ನುವ ಪದಕ್ಕೆ ಈಗ ಬೆಲೆ ಇಲ್ಲ. ಓವರಿ ಗಡ್ಡೆಗಳಿಗೆ ಅಯೋಟಾ ಅನ್ನುವ ಅಂತಾರಾಷ್ಟ್ರೀಯ ತಜ್ಞರ ಗುಂಪು 2000ದಲ್ಲೇ ಪದಗಳನ್ನು ಗೊತ್ತುಮಾಡಿತು. 2008ರಲ್ಲಿ ಸಿಂಪಲ್ ರೂಲ್ಸ್ ಬಂತು. ಐದು ಲಕ್ಷಣ ಒಳ್ಳೆಯ ಗಡ್ಡೆಯ ಕಡೆಗೆ, ಐದು ಕೆಟ್ಟದರ ಕಡೆಗೆ. 2014ರಲ್ಲಿ ಅಡ್ನೆಕ್ಸ್ ಮಾಡೆಲ್ ಬಂತು. ವಯಸ್ಸು, ಗಡ್ಡೆಯ ಅಳತೆ, ಗಟ್ಟಿ ಭಾಗದ ಅಳತೆ, ಒಳಗೆ ಚಾಚಿದ ಪ್ಯಾಪಿಲರಿ ಮೊಳಕೆ ಎಷ್ಟು, ನೆರಳು ಬೀಳುತ್ತದಾ, ಹೊಟ್ಟೆಯಲ್ಲಿ ನೀರಿದೆಯಾ, ಇಂಥ ಒಂಬತ್ತು ವಿಷಯ ಹಾಕಿದರೆ ಕ್ಯಾನ್ಸರ್ ಅಪಾಯ ಎಷ್ಟು ಶೇಕಡ ಅಂತ ಹೇಳುತ್ತದೆ. ಸಿಎ 125 ರಕ್ತ ಪರೀಕ್ಷೆ ಇಲ್ಲದಿದ್ದರೂ ನಡೆಯುತ್ತದೆ. ಗಡ್ಡೆಯ ಅಪಾಯಕ್ಕೆ ನಂಬರ್ ಕೊಡುವ, ಅಮೆರಿಕದ ರೇಡಿಯಾಲಜಿ ಕಾಲೇಜಿನವರ (ಎಸಿಆರ್) ಓ-ರ‍್ಯಾಡ್ಸ್ 2020ರಲ್ಲಿ ಬಂದು 2022ರಲ್ಲಿ ತಿದ್ದುಪಡಿಯಾಯಿತು. ಇಂಥದ್ದೇ ಪದಪಟ್ಟಿಗಳು ಇನ್ನೂ ಇವೆ: ಎಂಡೊಮೆಟ್ರಿಯಂಗೆ (ಗರ್ಭಕೋಶದ ಒಳಪದರ) ಐಟಾ, ಗರ್ಭಕೋಶದ ಮಾಂಸಭಾಗಕ್ಕೆ ಮೂಸಾ, ಆಳದ ಎಂಡೊಮೆಟ್ರಿಯೋಸಿಸ್‌ಗೆ (ಆ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) 2016ರ ಐಡಿಯಾ.

ಇದೆಲ್ಲ ಪಂಡಿತರ ಹೊಸ ಫ್ಯಾಷನ್ ಅಂತ ತಳ್ಳಿಹಾಕಬೇಡಿ. ಇನ್ನೂ ಮುಟ್ಟಾಗುತ್ತಿರುವ ಹೆಂಗಸಿನ ಓವರಿಯಲ್ಲಿ 4 ಸೆಂಟಿಮೀಟರಿನ, ಬಲೆಬಲೆಯಾಗಿ ಕಾಣುವ ಮಾಮೂಲಿ ಹೆಮರೇಜಿಕ್ (ರಕ್ತ ತುಂಬಿದ) ಸಿಸ್ಟ್ ಇದೆ ಅಂದುಕೊಳ್ಳಿ. ಓ-ರ‍್ಯಾಡ್ಸ್ ಲೆಕ್ಕದಲ್ಲಿ ಅದು 2. ಕ್ಯಾನ್ಸರ್ ಅಪಾಯ ಶೇಕಡ ಒಂದಕ್ಕಿಂತ ಕಡಿಮೆ, ಮತ್ತೆ ಸ್ಕ್ಯಾನ್ ಕೂಡ ಬೇಕಿಲ್ಲ. ಅದನ್ನೇ ನಾವು "ಕಾಂಪ್ಲೆಕ್ಸ್ ಸಿಸ್ಟ್" ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರೆ? ಆ ಮನೆಯವರು ಒಡವೆ ಅಡವಿಟ್ಟು ಬೆಂಗಳೂರಿಗೆ ಹೋಗುತ್ತಾರೆ.

"ಬಲ್ಕಿ ಯೂಟರಸ್" (ಗರ್ಭಕೋಶ ದಪ್ಪವಾಗಿದೆ) ಕಥೆಯೂ ಅಷ್ಟೇ. ನಮ್ಮ ಜಿಲ್ಲೆಗಳಲ್ಲಿ ಈ ಎರಡು ಪದ ಓದಿ "ಗರ್ಭಕೋಶ ತೆಗೆಸ್ಬೇಕಾ ಡಾಕ್ಟ್ರೇ?" ಅಂತ ಕೇಳದ ಹೆಂಗಸಿಲ್ಲ. ಮೂಸಾ ಕಲಿತರೆ ಬರವಣಿಗೆ ಬದಲಾಗುತ್ತದೆ. ಮಾಂಸಭಾಗದಲ್ಲಿ ಸಣ್ಣ ಸಿಸ್ಟ್‌ಗಳಿವೆಯಾ, ಬಿಳಿ ದ್ವೀಪಗಳಿವೆಯಾ, ಬೀಸಣಿಗೆಯ ಹಾಗೆ ನೆರಳು ಬೀಳುತ್ತದಾ, ಹಿಂದಿನ ಗೋಡೆ ಮುಂದಿನದಕ್ಕಿಂತ ದಪ್ಪವಾ ಅಂತ ಒಂದೊಂದಾಗಿ ಬರೆಯುತ್ತೀರಿ. ಗೈನಕಾಲಜಿಸ್ಟ್‌ಗೆ ಮಾತ್ರೆ ಕೊಟ್ಟು ನೋಡಬೇಕಾ, ಮುಂದೆ ಹೋಗಬೇಕಾ ಅಂತ ನಿರ್ಧರಿಸಲು ಏನಾದರೂ ಸಿಗುತ್ತದೆ.

ಪಿಸಿಓಡಿ (ಪಿಸಿಓಎಸ್ ಅಂತಲೂ ಅನ್ನುವ ಹಾರ್ಮೋನ್ ತೊಂದರೆ) ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 2003ರ ರಾಟರ್‌ಡ್ಯಾಮ್ ಲೆಕ್ಕದಲ್ಲಿ ಒಂದು ಓವರಿಗೆ 12 ಫಾಲಿಕಲ್ (ಅಂಡವಿರುವ ಗುಳ್ಳೆ) ಸಾಕಿತ್ತು. ಮಷಿನ್‌ಗಳು ಚುರುಕಾದಮೇಲೆ ಯಾರನ್ನು ನೋಡಿದರೂ 12 ಸಿಗುತ್ತಿತ್ತು. 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಅದನ್ನು 20ಕ್ಕೆ ಏರಿಸಿತು. ಅದೂ ಒಳ್ಳೆಯ ಟಿವಿಎಸ್ ಪ್ರೋಬ್ ಇದ್ದರೆ. ಹೊಟ್ಟೆಯ ಮೇಲಿನಿಂದ ನೋಡುವಾಗ ಎಣಿಸುವುದಕ್ಕಿಂತ ಓವರಿಯ ಗಾತ್ರ 10 ಎಂಎಲ್ ಮುಟ್ಟಿದೆಯಾ ಅಂತ ನೋಡಿ. ಮೈನೆರೆದು ಎಂಟು ವರ್ಷ ಆಗದ ಹುಡುಗಿಯಲ್ಲಿ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಲೇಬಾರದು. ಆದರೂ ಹದಿನೈದು ವರ್ಷದ ಮಗುವಿಗೆ "ಪಿಸಿಓಡಿ" ಅಂತ ಬರೆದ ರಿಪೋರ್ಟ್ ವಾರಕ್ಕೊಂದಾದರೂ ನನ್ನ ಟೇಬಲ್ಲಿಗೆ ಬರುತ್ತದೆ. ಇದನ್ನು ತಿದ್ದಿಕೊಳ್ಳಲು ಬೆಂಗಳೂರಿಗೆ ಹೋಗಬೇಕಿಲ್ಲ. ಒಂದು ರಾತ್ರಿ ಊಟ ಆದಮೇಲೆ ಕೂತು ಓದಿದರೆ ಸಾಕು.

ಖರ್ಚು? ಹೆಣ್ಣುಮಕ್ಕಳ ಸ್ಕ್ಯಾನಿನ ಅಂತಾರಾಷ್ಟ್ರೀಯ ಸಂಘವಾದ ಐಸುವಾಗ್‌ನ ಮಾರ್ಗಸೂಚಿಗಳನ್ನು ಪುಕ್ಕಟೆಯಾಗಿ ಓದಬಹುದು. ಅಯೋಟಾದವರ ಪರೀಕ್ಷೆ ಬರೆದು ಸರ್ಟಿಫಿಕೇಟ್ ತೊಗೋಬಹುದು. ನೆಟ್ ಚೆನ್ನಾಗಿರುವ ಮೊಬೈಲ್ ಇದ್ದರೆ ಪಾವಗಡದಲ್ಲಿ ಕೂತೂ ಆಗುತ್ತದೆ, ಬಾಗೇಪಲ್ಲಿಯಲ್ಲಿ ಕೂತೂ ಆಗುತ್ತದೆ. ಸೆಂಟರ್ ಒಂದು ದಿನವೂ ಮುಚ್ಚಬೇಕಿಲ್ಲ.

ಕೊರತೆ ಏನು ಅಂದರೆ, ಪರದೆಯ ಮೇಲಿನ ಕೇಸುಗಳೆಲ್ಲ ಆರಿಸಿದ ಕೇಸುಗಳು. ಗ್ಯಾಸ್ ಇರುವುದಿಲ್ಲ, ಹೊಟ್ಟೆ ದಪ್ಪ ಇರುವುದಿಲ್ಲ, ಹೊರಗೆ ಹದಿನೈದು ಜನ ಕಾಯುತ್ತಿರುವುದಿಲ್ಲ. ಲೈವ್ ವೆಬಿನಾರ್ ಇನ್ನೊಂದು ಮೋಸ. ಸ್ಕ್ಯಾನ್ ಮಾಡುತ್ತಾ ಒಂದು ಕಿವಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದ್ದು ಕಲಿಕೆ ಅಲ್ಲ. ನಾನೂ ಹಾಗೆ ಕೇಳಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ರೆಕಾರ್ಡಿಂಗ್ ಕೊಡುವ ಕೋರ್ಸಿಗೆ ಮಾತ್ರ ದುಡ್ಡು ಕಟ್ಟಿ.

ವರ್ಕ್‌ಶಾಪ್: ಕೈಗೆ ಎಷ್ಟು ಸಿಗುತ್ತದೆ ಅಂತ ಕೇಳಿ

ನಿಮ್ಮ ತೊಂದರೆ ಕೈಯದ್ದಾದರೆ ಆಸೆ ಇದರ ಮೇಲೇ ಇಡಬೇಕು. ಆದರೆ "ಹ್ಯಾಂಡ್ಸ್ ಆನ್" ಅನ್ನುವ ಪದವನ್ನು ಬ್ರೋಷರ್‌ನಲ್ಲಿ ಬಹಳ ಧಾರಾಳವಾಗಿ ಬಳಸುತ್ತಾರೆ. ನಾನು ಹೋದ ಒಂದು ವರ್ಕ್‌ಶಾಪ್‌ನಲ್ಲಿ ಒಂದು ಮಷಿನ್ ಸುತ್ತ ಹದಿನಾಲ್ಕು ಜನ ನಿಂತಿದ್ದೆವು. ನನ್ನ ಸರದಿ ಬಂದಾಗ ಊಟದ ಬೆಲ್ ಹೊಡೆಯಿತು. ಎರಡು ದಿನಕ್ಕೆ ಪ್ರೋಬ್ ನನ್ನ ಕೈಯಲ್ಲಿದ್ದದ್ದು ಆರು ನಿಮಿಷ. ಬಿಸಿಬೇಳೆಬಾತ್ ಮಾತ್ರ ಚೆನ್ನಾಗಿತ್ತು.

ಅದಕ್ಕೆ ಈಗ ನಾನು ಫೋನ್ ಮಾಡಿಯೇ ಕೇಳುತ್ತೇನೆ. ಒಂದು ಮಷಿನ್‌ಗೆ ಎಷ್ಟು ಜನ? ನಾಲ್ಕು ಐದು ಅಂದರೆ ಹೋಗಬಹುದು, ಹತ್ತು ದಾಟಿದರೆ ಬೇಡ. ಟಿವಿಎಸ್ ಯಾರ ಮೇಲೆ ಮಾಡಿಸುತ್ತಾರೆ? ಒಪ್ಪಿಗೆ ಕೊಟ್ಟ ಹೆಂಗಸರ ಮೇಲೆ ಹತ್ತು ಜನ ಸರದಿಯಲ್ಲಿ ಮಾಡುವುದು ಸರಿಯೂ ಅಲ್ಲ, ಆಗುವುದೂ ಇಲ್ಲ. ಹಾಗಾಗಿ ಸಿಮ್ಯುಲೇಟರ್ ಇದೆಯಾ ಅಂತ ಕೇಳಿ. ಸಿಮ್ಯುಲೇಟರ್ ಮೇಲೆ ಓವರಿ ಹುಡುಕುವುದು, ಗರ್ಭಕೋಶವನ್ನು ಪೂರ್ತಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೋಡುವುದು ಚೆನ್ನಾಗಿ ಅಭ್ಯಾಸವಾಗುತ್ತದೆ. ಆದರೆ ಒತ್ತಿದಾಗ ನೋವಾಗುತ್ತದಾ, ಜಾರುತ್ತದಾ ಅನ್ನುವುದು ನಿಜವಾದ ಹೊಟ್ಟೆಯಲ್ಲೇ ಗೊತ್ತಾಗಬೇಕು. ಲೈವ್ ಸ್ಕ್ಯಾನ್ ಇದ್ದರೆ ಪಿಸಿಪಿಎನ್‌ಡಿಟಿ ಅನುಮತಿ ಬಗ್ಗೆಯೂ ಕೇಳಿಬಿಡಿ, ನಾಚಿಕೆ ಬೇಡ.

ಮಷಿನ್ ವಿಷಯ ಹೇಳಿದೆನಲ್ಲ. ವರ್ಕ್‌ಶಾಪ್‌ಗೆ ಕಂಪನಿಗಳು ತರುವುದು ತಮ್ಮ ಹತ್ತಿರವಿರುವ ಅತಿ ದುಬಾರಿ ಮಾಡೆಲ್. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಹಾಗಂತ ನಿಮ್ಮ ಪೋರ್ಟಬಲ್ ಮಷಿನನ್ನು ಬ್ಯಾಗಿಗೆ ಹಾಕಿಕೊಂಡು ಹೋಗುವ ಹಾಗೂ ಇಲ್ಲ, ಕಾನೂನು ಬಿಡುವುದಿಲ್ಲ. ಹಾಗಾಗಿ ಅಲ್ಲಿನ ಬಟನ್ ನೆನಪಿಟ್ಟುಕೊಳ್ಳಬೇಡಿ. ಕಲಿಸುವವರ ಮೊಣಕೈ ನೋಡಿ. ಪ್ರೋಬ್ ಯಾವ ಕಡೆ ವಾಲಿತು, ಎಡಗೈ ಹೊಟ್ಟೆಯ ಮೇಲೆ ಎಲ್ಲಿ ಒತ್ತಿತು, ಡಾಪ್ಲರ್ ಬಾಕ್ಸ್ ಎಷ್ಟು ಚಿಕ್ಕದು ಮಾಡಿದರು, ಇದನ್ನು ಬರೆದುಕೊಳ್ಳಿ. ಊರಿಗೆ ಬಂದಮೇಲೆ ಉಳಿಯುವುದು ಅದೇ.

ದಿನದ ಲೆಕ್ಕ: ಶನಿವಾರ ಭಾನುವಾರವಾದರೆ ಒಂದೇ ದಿನ ಮುಚ್ಚಬೇಕು. ಓಡಾಟ ಬೆಂಗಳೂರಿಗೇ ಅನ್ನುವುದು ಒಂದು ಅನುಕೂಲ. ತುಮಕೂರಿನವರಿಗೆ ಬೆಳಗಿನ ರೈಲೇ ವಾಸಿ, ಕಾರಾದರೆ ಗೊರಗುಂಟೆಪಾಳ್ಯದಲ್ಲಿ ಅರ್ಧ ವರ್ಕ್‌ಶಾಪ್ ಮುಗಿದಿರುತ್ತದೆ. ಕೋಲಾರದವರಿಗೆ ಕೆ.ಆರ್. ಪುರ, ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳ. ಎಲ್ಲರಿಗೂ ಅವರವರ ಕರ್ಮ. ಹಿಂದಿನ ರಾತ್ರಿಯೇ ಹೋಗಿ ಉಳಿದುಕೊಳ್ಳುವ ಖರ್ಚನ್ನು ಫೀಸಿನ ಜೊತೆಗೇ ಸೇರಿಸಿ ನೋಡಿ.

ಅಬ್ಸರ್ವರ್‌ಶಿಪ್: ಕೈ ಹಿಂದೆ ಕಟ್ಟಿಕೊಂಡು ಕಲಿಯುವುದು

ಒಳ್ಳೆಯ ಕೇಸುಗಳು ಬರುವ ಕಡೆ ತಿಂಗಳುಗಟ್ಟಲೆ ಕೂತು ನೋಡುವುದು. ದಿನಕ್ಕೆ ಇಪ್ಪತ್ತು ಮೂವತ್ತು ಪೆಲ್ವಿಸ್, ಅದರಲ್ಲಿ ಎರಡು ಮೂರು ಆಳದ ಎಂಡೊಮೆಟ್ರಿಯೋಸಿಸ್, ಒಂದೆರಡು ಅನುಮಾನದ ಗಡ್ಡೆ. ನಮ್ಮೂರಲ್ಲಿ ಆರು ತಿಂಗಳಲ್ಲಿ ಸಿಗದ್ದು ಅಲ್ಲಿ ಒಂದು ವಾರದಲ್ಲಿ ಸಿಗಬಹುದು. ಅಭ್ಯಾಸದ ತೊಂದರೆಗೆ ಇದೇ ಸರಿಯಾದ ಔಷಧಿ.

ಆದರೆ ಒಂದು ಮಾತು ಸೇರುವ ಮುಂಚೆಯೇ ತಿಳಿದಿರಲಿ. ಆ ಸೆಂಟರಿನ ನೋಂದಣಿಯಲ್ಲಿ ನಿಮ್ಮ ಹೆಸರಿಲ್ಲ. ಪ್ರೋಬ್ ಮುಟ್ಟುವ ಹಾಗಿಲ್ಲ. ಯಾರಾದರೂ "ಪರವಾಗಿಲ್ಲ, ಸುಮ್ನೆ ಒಂದು ಸಲ ಮಾಡಿ ನೋಡಿ" ಅಂದರೂ ಬೇಡ. ಹಾಗಾಗಿ ಕೈಯ ತೊಂದರೆ ಇರುವವರು ನಾಲ್ಕು ವಾರ ನೋಡಿ ಬಂದರೂ ಕೈ ಹಾಗೇ ಇರುತ್ತದೆ. ಪ್ರತಿ ಸಂಜೆ ಊರಿಗೆ ಬಂದು ನಮ್ಮ ಮಷಿನ್ ಮೇಲೆ ಎರಡು ಗಂಟೆ ಅದನ್ನೇ ಮಾಡಿ ನೋಡಿದರೆ ಆಗ ಬೇರೆ ಮಾತು. ಚಿಕ್ಕಬಳ್ಳಾಪುರದವರಿಗೆ ಇದು ಸಾಧ್ಯ, ಪಾವಗಡದವರಿಗೆ ಕಷ್ಟ.

ದುಡ್ಡಿನ ಲೆಕ್ಕವೂ ಇಲ್ಲೇ ಬಿಗಿಯುತ್ತದೆ. ಉದಾಹರಣೆಗೆ ನಿಮ್ಮ ಸೆಂಟರಿನಲ್ಲಿ ದಿನಕ್ಕೆ 20 ಸ್ಕ್ಯಾನ್, ಎಲ್ಲ ಖರ್ಚು ಕಳೆದು ಸ್ಕ್ಯಾನ್‌ಗೆ 300 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. 24 ದಿನ ಬಾಗಿಲು ಹಾಕಿದರೆ 1,44,000 ರೂಪಾಯಿ ಹೋಯಿತು. ಜೊತೆಗೆ ಇಎಂಐ ನಿಲ್ಲುವುದಿಲ್ಲ. ಬ್ರೋಷರ್‌ನಲ್ಲಿ ಬರೆದ ಫೀಸು ಇದರ ಮುಂದೆ ಚಿಲ್ಲರೆ. ಮೆಡಿಕಲ್ ಕಾಲೇಜಿನಲ್ಲಿ ಸಂಬಳಕ್ಕಿರುವವರಿಗೆ ಈ ನಷ್ಟ ಇಲ್ಲ. ರಜೆ ಸಿಕ್ಕರೆ ಅವರು ಕಣ್ಣುಮುಚ್ಚಿ ಹೋಗಬಹುದು. ಒಬ್ಬರೇ ಸೆಂಟರ್ ನಡೆಸುವವರು ವಾರಕ್ಕೆ ಒಂದು ದಿನದಂತೆ ಮೂರು ತಿಂಗಳು ಹೋಗಬಹುದಾ ಅಂತ ಕೇಳಿ. ಕೇಳಿದರೆ ಎಷ್ಟೋ ಕಡೆ ಒಪ್ಪುತ್ತಾರೆ. ಬುಧವಾರ ನಮ್ಮಲ್ಲಿ ಹೇಗೂ ಜನ ಕಮ್ಮಿ, ನಾನು ಬುಧವಾರವೇ ಹೋದೆ.

ಉಳಿದ ಎರಡು, ಬೇಗ ಹೇಳುತ್ತೇನೆ

ಒಂದು ವರ್ಷದ ಫೆಲೋಶಿಪ್ ಈಗಷ್ಟೇ ಎಂಡಿ ಮುಗಿಸಿದವರಿಗೆ. ಮಷಿನ್ ಸಾಲ ಇಲ್ಲ, ಮಗುವಿನ ಸ್ಕೂಲ್ ಇಲ್ಲ, ಹೆಣ್ಣುಮಕ್ಕಳ ಸ್ಕ್ಯಾನನ್ನೇ ಮುಖ್ಯ ಮಾಡಿಕೊಳ್ಳುವ ಆಸೆ ಇದೆ ಅಂದರೆ ಇದಕ್ಕೆ ಸಮ ಯಾವುದೂ ಇಲ್ಲ. ಕೈ, ಕಣ್ಣು, ತಪ್ಪು ಹೇಳುವವರು ಮೂರೂ ಒಟ್ಟಿಗೆ ಸಿಗುತ್ತವೆ. ಆದರೆ ಬಹಳಷ್ಟು ಫೆಲೋಶಿಪ್‌ಗಳಲ್ಲಿ ಮುಕ್ಕಾಲು ಪಾಲು ಗರ್ಭದ ಮಗುವಿನದ್ದು. ಗೈನಕ್ ಭಾಗ ಎಷ್ಟು ಅಂತ ಈಗಾಗಲೇ ಅಲ್ಲಿ ಓದುತ್ತಿರುವವರನ್ನು ಕೇಳಿ, ವಿಭಾಗದ ಮುಖ್ಯಸ್ಥರನ್ನಲ್ಲ.

ನಮ್ಮ ರೇಡಿಯಾಲಜಿಸ್ಟ್‌ಗಳ ಸಂಘ ಐಆರ್‌ಐಎಯ ಸಮ್ಮೇಳನಗಳಿಗೆ, ರಾಷ್ಟ್ರದ್ದಾಗಲಿ ರಾಜ್ಯದ್ದಾಗಲಿ, ಹಳೇ ಗೆಳೆಯರನ್ನು ನೋಡಲು ಹೋಗಿ. ಹೊಸದೇನು ಬಂದಿದೆ ಅಂತ ಗಾಳಿ ತಿಳಿಯುತ್ತದೆ, ಕ್ರೆಡಿಟ್ ಸಿಗುತ್ತದೆ. ಪೆಲ್ವಿಸ್ ಮೇಲೆ ಒಂದು ಸೆಷನ್ ಇದ್ದರೆ ಹೆಚ್ಚು. ಅದನ್ನೇ ಕಲಿಕೆ ಅಂತ ನಂಬಬೇಡಿ.

ಬ್ರೋಷರ್ ಇಲ್ಲದ ಆಯ್ಕೆ

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇದು. ನಾವು ನಾಲ್ಕು ಜನ ರೇಡಿಯಾಲಜಿಸ್ಟ್‌ಗಳು, ಇಬ್ಬರು ಗೈನಕಾಲಜಿಸ್ಟ್‌ಗಳು ತಿಂಗಳಿಗೊಮ್ಮೆ ಸೇರುತ್ತೇವೆ. ಬಿ.ಎಚ್. ರಸ್ತೆಯಲ್ಲಿರುವ ಒಬ್ಬರ ಕ್ಲಿನಿಕ್ಕಿನಲ್ಲಿ, ಒಪಿಡಿ ಮುಗಿದಮೇಲೆ, ತಟ್ಟೆ ಇಡ್ಲಿ ತರಿಸಿಕೊಂಡು. ಒಬ್ಬೊಬ್ಬರು ಎರಡು ಕೇಸ್ ತರಬೇಕು. ಒಂದು ಸರಿಯಾದದ್ದು, ಒಂದು ತಪ್ಪಾದದ್ದು. ತಪ್ಪಾದದ್ದು ಇಲ್ಲದಿದ್ದರೆ ಇಡ್ಲಿಯ ಬಿಲ್ಲು ಅವರದ್ದು. ಚಿತ್ರದಿಂದ ಹೆಸರು, ನಂಬರ್ ಅಳಿಸಿಯೇ ತರಬೇಕು. ಗೈನಕಾಲಜಿಸ್ಟ್‌ಗಳು ಆಪರೇಷನ್‌ನಲ್ಲಿ ಕಂಡದ್ದನ್ನು, ಬಯಾಪ್ಸಿ ರಿಪೋರ್ಟನ್ನು ತರುತ್ತಾರೆ.

ಮೊದಲ ತಿಂಗಳು ಎಲ್ಲರಿಗೂ ಮುಜುಗರ. "ಚಿತ್ರ ಅಷ್ಟು ಕ್ಲಿಯರ್ ಇಲ್ಲ ಅಲ್ವಾ" ಅಂತ ಒಬ್ಬರಿಗೊಬ್ಬರು ತೇಪೆ ಹಚ್ಚಿದೆವು. ಮೂರನೇ ತಿಂಗಳಿಗೆ ಒಬ್ಬ ಗೈನಕಾಲಜಿಸ್ಟ್ ನೇರವಾಗಿ ಹೇಳಿದರು: "ನೀವು ನಾಲ್ಕೂ ಜನ ಫೈಬ್ರಾಯ್ಡ್ ಎಷ್ಟು ದೊಡ್ಡದು ಅಂತ ಬರೀತೀರಿ. ಗರ್ಭಕೋಶದ ಒಳ ಟೊಳ್ಳಿಗೆ ಎಷ್ಟು ನುಗ್ಗಿದೆ ಅಂತ ಯಾರೂ ಬರೆಯಲ್ಲ. ನನಗೆ ಬೇಕಿರೋದು ಅದೇ." ಅವತ್ತಿನಿಂದ ನಾವೆಲ್ಲ ಫೈಬ್ರಾಯ್ಡ್ ಎಲ್ಲಿ ಕೂತಿದೆ ಅಂತ ಹೇಳುವ, ಫಿಗೋದ (ಗೈನಕಾಲಜಿಸ್ಟ್‌ಗಳ ಅಂತಾರಾಷ್ಟ್ರೀಯ ಒಕ್ಕೂಟ) 0ಯಿಂದ 8ರವರೆಗಿನ ನಂಬರ್ ಬರೆಯುತ್ತಿದ್ದೇವೆ. ಯಾವ ವರ್ಕ್‌ಶಾಪೂ ಈ ಮಾತನ್ನು ನಮಗೆ ಹೀಗೆ ಮುಟ್ಟಿಸಿರಲಿಲ್ಲ.

ಪಕ್ಕದಲ್ಲಿ ಮೆಡಿಕಲ್ ಕಾಲೇಜು ಇರುವವರಿಗೆ ಇನ್ನೂ ಸುಲಭ. ತುಮಕೂರಿನಲ್ಲಿ ಸಿದ್ಧಾರ್ಥ, ಕೋಲಾರದ ಟಮಕದಲ್ಲಿ ದೇವರಾಜ ಅರಸು ಕಾಲೇಜು ಇವೆ. ಕಾಲೇಜಿನಲ್ಲಿ ಪೆಥಾಲಜಿಯೂ ಒಂದೇ ಕ್ಯಾಂಪಸ್ಸಿನಲ್ಲಿ. ಸ್ಕ್ಯಾನಿನಿಂದ ಬಯಾಪ್ಸಿವರೆಗೆ ಒಂದೇ ಕೇಸನ್ನು ಹಿಂಬಾಲಿಸಲು ಅದಕ್ಕಿಂತ ಅನುಕೂಲ ಬೇಕಾ? ರೇಡಿಯಾಲಜಿ ವಿಭಾಗದವರ ಕೇಸ್ ಚರ್ಚೆಗೆ ಹೊರಗಿನವರು ಬರಬಹುದಾ ಅಂತ ಕೇಳಿ ನೋಡಿ.

ಇದರ ಕೊರತೆಯೂ ಇದೆ. ಆರು ಜನಕ್ಕೂ ಗೊತ್ತಿಲ್ಲದ್ದು ಆರು ಜನ ಸೇರಿದರೂ ಗೊತ್ತಾಗುವುದಿಲ್ಲ. ನಮ್ಮ ಗುಂಪಿನಲ್ಲಿ ಯಾರಿಗೂ ಸ್ಲೈಡಿಂಗ್ ಸೈನ್ ಮಾಡಿ ಅಭ್ಯಾಸವಿರಲಿಲ್ಲ. ಅದಕ್ಕೆ ನಾನು ಹೊರಗೆ ಹೋಗಲೇಬೇಕಾಯಿತು. ಮತ್ತೆ ಸರ್ಟಿಫಿಕೇಟ್, ಕ್ರೆಡಿಟ್ ಯಾವುದೂ ಇಲ್ಲ.

ಹಾಗಾದರೆ ಯಾರು ಯಾವುದು?

ಒಬ್ಬರೇ ಸೆಂಟರ್, ತಲೆಯ ಮೇಲೆ ಸಾಲ, ತಾಲ್ಲೂಕು ಊರು. ನೀವು ಆನ್‌ಲೈನ್‌ನಿಂದ ಅಯೋಟಾ, ಮೂಸಾ ಎರಡನ್ನು ಮುಗಿಸಿ. ವರ್ಷಕ್ಕೆ ಒಂದೇ ಒಂದು ಒಳ್ಳೆಯ ವರ್ಕ್‌ಶಾಪ್. ಉಳಿದದ್ದು ಫೋನ್ ಮತ್ತು ನೋಟ್‌ಬುಕ್. ಇಬ್ಬರು ಮೂವರು ಡಾಕ್ಟರುಗಳಿರುವ ಸೆಂಟರ್ ಆದರೆ ಒಬ್ಬರನ್ನು ವಾರಕ್ಕೊಂದು ದಿನ ಅಬ್ಸರ್ವರ್‌ಶಿಪ್‌ಗೆ ಕಳಿಸಿ, ಬಂದು ಉಳಿದವರಿಗೆ ಕಲಿಸಲಿ. ಮಕ್ಕಳಾಗದ ದಂಪತಿಗಳು ಜಾಸ್ತಿ ಬರುವ ಕಡೆ, ಮಷಿನ್‌ನಲ್ಲಿ ವಾಲ್ಯೂಮ್ ಪ್ರೋಬ್ ಇದ್ದರೆ, ತ್ರೀಡಿ ಮತ್ತು ಸಲೈನ್ ಸ್ಕ್ಯಾನ್ (ಗರ್ಭಕೋಶದೊಳಗೆ ಉಪ್ಪುನೀರು ಬಿಟ್ಟು ನೋಡುವುದು) ಕಲಿಸುವ ವರ್ಕ್‌ಶಾಪ್‌ಗೆ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಗಂಡಸು ಡಾಕ್ಟರುಗಳು, ಟಿವಿಎಸ್ ವೇಳೆ ಜೊತೆಗಿರುವ ನಿಮ್ಮ ಸಿಸ್ಟರನ್ನೂ ಒಂದು ದಿನ ಕರೆದುಕೊಂಡು ಹೋಗಿ. ಒಳಗೆ ಬಂದ ಹೆಂಗಸು ಹೆದರದ ಹಾಗೆ ಮಾತಾಡಿ ಒಪ್ಪಿಸುವುದು ಅರ್ಧ ಸ್ಕ್ಯಾನ್, ಅದನ್ನು ಮಾಡುವವರು ಅವರೇ.

ಶಿರಾದವರು ಹತ್ತು ದಿನ ಬಿಟ್ಟು ನೋಟ್‌ಬುಕ್ಕಿನ ಫೋಟೋ ಕಳಿಸಿದರು. 50ರಲ್ಲಿ 11 ಕೇಸಿಗೆ ಉತ್ತರ ಸಿಕ್ಕಿತ್ತು. ಓವರಿ ಗಡ್ಡೆಗಳು ಬಹುತೇಕ ಸರಿ. ಮುಟ್ಟು ನಿಂತಮೇಲೆ ರಕ್ತ ಹೋಗುತ್ತಿದ್ದ ಮೂವರಲ್ಲಿ ಇಬ್ಬರ ಎಂಡೊಮೆಟ್ರಿಯಂ 4 ಮಿಲಿಮೀಟರ್, ತೆಳ್ಳಗೇ ಇದೆ ಅಂತ ಬರೆದಿದ್ದರು. ಇಬ್ಬರಿಗೂ ಪಾಲಿಪ್ (ಒಳಪದರದಲ್ಲಿ ಬೆಳೆದ ಸಣ್ಣ ಗಂಟು) ಇತ್ತು. ಮೂವರದ್ದೂ ಹೊಟ್ಟೆ ಮೇಲಿನಿಂದ ನೋಡಿದ ಸ್ಕ್ಯಾನ್. "ಟಿವಿಎಸ್ ಬೇಡ ಅಂದ್ರು ಮೇಡಂ, ನಾನೂ ಬಲವಂತ ಮಾಡಲಿಲ್ಲ" ಅಂದರು.

ಆನ್‌ಲೈನ್ ಕೋರ್ಸ್ ಬಿಟ್ಟರು. ಅಬ್ಸರ್ವರ್‌ಶಿಪ್ ಬಿಟ್ಟರು. ವರ್ಕ್‌ಶಾಪ್‌ಗೆ ಫೋನ್ ಮಾಡಿ ಒಂದು ಮಷಿನ್‌ಗೆ ಎಷ್ಟು ಜನ ಅಂತ ಕೇಳಿದರಂತೆ. ಐದು ಅಂದಿದ್ದಾರೆ. ಇಬ್ಬರ ಹೆಸರು ಕೊಟ್ಟಿದ್ದಾರೆ, ಅವರದ್ದು ಮತ್ತು ಅವರ ಸಿಸ್ಟರದ್ದು.